ಮರೆತ ಗುಳಿಗೆ



ಹಳಗನ್ನಡ ಕಾವ್ಯವನ್ನು ಪಾಠ ಹೇಳಿ ನಿವೃತ್ತನಾದ ನನ್ನಂಥವನು ಗರ್ಭನಿರೋಧಕ ಗುಳಿಗೆಯನ್ನು ಕುರಿತು ಮಾತನಾಡುವುದು ನಿಮ್ಮಲ್ಲಿ ಕೆಲವರಿಗೆ ವಿಚಿತ್ರವೆನಿಸೀತು. ನನಗೂ ಸಂಕೋಚವಿತ್ತು. ಅದನ್ನು ಬಿಡಿಸಿದವಳು ದೇವದುರ್ಗದ ಕಡೆಯ ಒಬ್ಬ ಹೆಣ್ಣುಮಗಳು.

ರಾಯಚೂರಿನ ನಮ್ಮ ಮನೆಗೆ ಕೆಲಸಕ್ಕೆ ಬರುವ ಆಕೆ ಮಾನ್ವಿಗೆ ತಮ್ಮನ ಮದುವೆಗೆ ಹೋಗುವಾಗ ಗುಳಿಗೆಯ ಹಾಳೆಯನ್ನು ಮನೆಯಲ್ಲೇ ಮರೆತಳು. ಎರಡು ರಾತ್ರಿ ತಪ್ಪಿದವು. ಮರಳಿದವಳು ನನ್ನ ಹೆಂಡತಿಯ ಮುಂದೆ ಕಣ್ಣೀರಿಟ್ಟಳು: "ಇನ್ನ ಈ ಗುಳಿಗಿ ಯಾತಕ್ಕೂ ಬರಂಗಿಲ್ಲೇನ್ರಿ ಅಮ್ಮಾರೆ? ಒಗದು ಬಿಡ್ಲೇನ್ರಿ?" ಮೂರು ಹೆತ್ತು ಸೊರಗಿದ ಆಕೆಗೆ ನಾಲ್ಕನೆಯದೆಂದರೆ ಪ್ರಾಣಭಯ. ಕಾವ್ಯದ ಅರ್ಥ ಬಿಡಿಸುತ್ತಲೇ ಬದುಕಿದ ನನಗೆ ಅಂದು ಹೇಳಲು ಒಂದು ಮಾತೂ ತೋಚಲಿಲ್ಲ. ಆರೋಗ್ಯ ಕೇಂದ್ರದ ದಾದಿಯನ್ನು ಕೇಳಿ ತಿಳಿದದ್ದನ್ನೇ ಇಲ್ಲಿ ನಿವೇದಿಸುತ್ತೇನೆ.

ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುವ ಮಾಲಾ-ಎನ್ ಹಾಳೆಯಲ್ಲಿ 28 ಗುಳಿಗೆಗಳಿವೆ. ಗರ್ಭ ತಡೆಯುವವು 21. ಬೇರೆ ಬಣ್ಣದ 7 ಕಬ್ಬಿಣಾಂಶದವು. ಈ ಏಳರಲ್ಲಿ ಒಂದು ತಪ್ಪಿದರೆ ಚಿಂತೆಯಿಲ್ಲ. ಇಪ್ಪತ್ತೊಂದರಲ್ಲಿ ಒಂದು ತಪ್ಪಿದರೆ, ನೆನಪಾದೊಡನೆ ನುಂಗಿ, ಅಂದಿನದನ್ನು ಅದರ ವೇಳೆಗೆ ನುಂಗಬೇಕು. ಒಂದೇ ದಿನ ಎರಡಾದರೂ ಬಾಧಕವಿಲ್ಲ. ಒಂದರ ಮೇಲೊಂದು ಎರಡು ಅಥವಾ ಹೆಚ್ಚು ತಪ್ಪಿದರೆ, ಕೊನೆಯದಾಗಿ ತಪ್ಪಿದ ಒಂದನ್ನು ಮಾತ್ರ ಕೂಡಲೇ ನುಂಗಿ, ಉಳಿದವನ್ನು ಎಂದಿನಂತೆ ಮುಂದುವರಿಸಬೇಕು. ಜೊತೆಗೆ 7 ದಿನ ನಿರೋಧ್ ಬಳಕೆ, ಇಲ್ಲವೇ ಸಂಯಮ.

ಹಾಳೆಯ ಆರಂಭ ಮತ್ತು ಅಂತ್ಯದಲ್ಲಿ ತಪ್ಪಿದರೆ ಅಪಾಯ ಹೆಚ್ಚು. ಔಷಧವಿಲ್ಲದ ಬಿಡುವು ಉದ್ದವಾಗಿ, ಸುಮ್ಮನಿದ್ದ ಅಂಡಾಶಯ ಎಚ್ಚರಗೊಳ್ಳುತ್ತದೆ. ಮೂರನೆಯ ವಾರದಲ್ಲಿ ಎರಡು ತಪ್ಪಿದರೆ, ಕಬ್ಬಿಣದ ಗುಳಿಗೆಗಳನ್ನು ಬಿಟ್ಟು ನೇರವಾಗಿ ಹೊಸ ಹಾಳೆಯನ್ನು ಆರಂಭಿಸಬೇಕು. ಮೊದಲ ವಾರದಲ್ಲೇ ತಪ್ಪಿ ಸಂಪರ್ಕವೂ ಆಗಿದ್ದರೆ, ತುರ್ತು ಗುಳಿಗೆಗಾಗಿ 72 ಗಂಟೆಯೊಳಗೆ, ಆದಷ್ಟು ಬೇಗ, ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕಾಣಬೇಕು. ಮುಟ್ಟು ನಿಂತರೆ ಪರೀಕ್ಷೆ ಮಾಡಿಸಲೇಬೇಕು. ವಾರದ ಲೆಕ್ಕದ 'ಛಾಯಾ' ಗುಳಿಗೆಯ ನಿಯಮವೇ ಬೇರೆ. ಅದನ್ನು ಇದರೊಡನೆ ಬೆರೆಸಬಾರದು.

ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರದ ವತಿಯಿಂದ ಸಂತಾನನಿಯಂತ್ರಣ ಚಿಕಿತ್ಸಾಲಯಗಳಿಗೆ ಮುಂದಾಯಿತು. ಅಂದು ನಮ್ಮ ರಾಯಚೂರು ನಿಜಾಮರ ಆಳ್ವಿಕೆಯಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ರಾಷ್ಟ್ರೀಯ ಯೋಜನೆ 1952ರದು. ಇಷ್ಟು ದೀರ್ಘ ಇತಿಹಾಸವಿದ್ದರೂ ಗುಳಿಗೆಯ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಪಿಸುದನಿಯದೇ. ಗುಳೆ ಹೋಗುವ ಹೆಣ್ಣುಮಕ್ಕಳ ಗಂಟಿನಲ್ಲಿ ರೊಟ್ಟಿಯುಂಟು, ಮಕ್ಕಳ ಅಂಗಿಯುಂಟು; ಗುಳಿಗೆಯ ಹಾಳೆ ಮಾತ್ರ ಅತ್ತೆಯ ಕಣ್ಣಿಗೆ ಬಿದ್ದೀತೆಂದು ಗೂಡಿನಲ್ಲೇ ಉಳಿಯುತ್ತದೆ.

ನಮ್ಮ ಮನೆಯ ಆ ಹೆಣ್ಣುಮಗಳು ಹಾಳೆಯನ್ನು ಒಗೆಯಲಿಲ್ಲ. ಆದರೆ ಏಳು ದಿನದ ಎಚ್ಚರವನ್ನು ಗಂಡನಿಗೆ ಹೇಳುವುದು ಹೇಗೆಂದು ತಲೆ ತಗ್ಗಿಸಿದಳು. ಆ ಮಾತನ್ನು ಆತನಿಗೆ ನಾನೇ ಹೇಳಿದೆ. ಆತ ನಾಚಿದ, ಆದರೆ ಕೇಳಿದ. ಮರೆವು ಯಾರಿಗಿಲ್ಲ? ಅದರ ಭಾರವನ್ನು ಆಕೆಯೊಬ್ಬಳೇ ಹೊರಬೇಕೆಂಬುದು ಮಾತ್ರ ಅನ್ಯಾಯ. ಈ ಮಾತು ಮನೆಯ ಗಂಡಸರ ಕಿವಿಗೂ ಬಿದ್ದಿದ್ದರೆ ನನ್ನ ಸಂಕೋಚ ಸಾರ್ಥಕ.