ಪುಕ್ಕಟೆ ಮನೆಯ ಲೆಕ್ಕ



ಮಾದಕ ವಸ್ತು ಅಂದ ಕೂಡಲೇ, ಅದು ದುಡ್ಡಿದ್ದವರ ಸುದ್ದಿ, ನಮಗ್ಯಾಕೆ ಅಂತ ಅನಿಸುತ್ತದೆ. ಆದರೆ ಈ ದಂಧೆ ಬೇರು ಬಿಡುವುದು ಬಡವರ ಕೇರಿಯಲ್ಲೇ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದಲ್ಲಿ ಮೆಡೆಲಿನ್ ಎಂಬ ನಗರವಿದೆ. ಅಲ್ಲಿನ ಒಂದು ಕೂಟದ ಕಥೆಯನ್ನು ಇವತ್ತು ತಮ್ಮ ಮುಂದೆ ಇಡುತ್ತೇವೆ.

ಆ ಕೂಟದ ಯಜಮಾನ ಪಾಬ್ಲೊ ಎಸ್ಕೊಬಾರ್. ಹುಟ್ಟಿದ್ದು 1949ರಲ್ಲಿ. ತಂದೆ ರೈತ, ತಾಯಿ ಶಾಲಾ ಶಿಕ್ಷಕಿ. ಪೆರು, ಬೊಲಿವಿಯಾ ಕಡೆಯಿಂದ ಕೋಕಾ ಎಲೆಯ ಸರಕು ತರಿಸಿ, ಕಾಡಿನೊಳಗೆ ಕೊಕೇನ್ ಮಾಡಿಸಿ, ಸಣ್ಣ ವಿಮಾನಗಳಲ್ಲಿ ಅಮೆರಿಕಕ್ಕೆ ಸಾಗಿಸುವುದು ಇವರ ಕಸುಬು. 1987ರಲ್ಲಿ ಫೋರ್ಬ್ಸ್ ಪತ್ರಿಕೆ ಇವನನ್ನು ಜಗತ್ತಿನ ದೊಡ್ಡ ಧನಿಕರ ಪಟ್ಟಿಗೆ ಸೇರಿಸಿತು!

ಈ ಹಣದಲ್ಲಿ ಅವನು ಏನು ಮಾಡಿದ ಅನ್ನುವುದನ್ನು ಗಮನಿಸಿ. ಮೆಡೆಲಿನ್‌ನಲ್ಲಿ ಊರಿನ ಕಸ ಸುರಿಯುವ ಗುಡ್ಡದ ಮೇಲೆ ಗುಡಿಸಲು ಹಾಕಿಕೊಂಡಿದ್ದ ಕುಟುಂಬಗಳಿಗೆ 400ಕ್ಕೂ ಹೆಚ್ಚು ಮನೆ ಕಟ್ಟಿಸಿ ಪುಕ್ಕಟೆ ಕೊಟ್ಟ. ಕೇರಿಯ ಆಟದ ಮೈದಾನಗಳಿಗೆ ದೀಪ ಹಾಕಿಸಿದ. 1982ರಲ್ಲಿ ಸಂಸತ್ತಿಗೆ ಬದಲಿ ಸದಸ್ಯನಾಗಿ ಆರಿಸಿಯೂ ಬಂದ. ಕಸದ ಹೊಗೆಯಲ್ಲಿ ಮಕ್ಕಳನ್ನು ಸಾಕಿದ ತಾಯಿ, ಸೂರು ಸಿಕ್ಕಾಗ ಇದು ಯಾರ ಹಣ ಅಂತ ಕೇಳ್ತಾಳೆಯೇ? ಅವಳನ್ನು ನಾವು ಬಯ್ಯುವುದಿಲ್ಲ. ಸರ್ಕಾರ ಕೊಡದ್ದನ್ನು ಅವನು ಕೊಟ್ಟ. ನಮ್ಮ ಸಂಘಗಳಲ್ಲಿ ಹತ್ತು ರೂಪಾಯಿ ಉಳಿತಾಯಕ್ಕೂ ಪುಸ್ತಕದಲ್ಲಿ ಲೆಕ್ಕ ಬರೀತೇವೆ. ಆ ಮನೆಗಳ ಲೆಕ್ಕ ಬೇರೆ ಕಡೆ ಬರೆದಿತ್ತು.

ಅಂಥದೇ ಕೇರಿಗಳ ಹದಿನೈದು ಹದಿನಾರರ ಹುಡುಗರ ಕೈಗೆ ಬೈಕು, ಬಂದೂಕು ಬಂತು. ಕೊಲೆಗೆ ಇಷ್ಟು ಅಂತ ಕೂಲಿ. ಆ ಹಣದಲ್ಲಿ ಅಮ್ಮನಿಗೆ ಫ್ರಿಜ್ಜು ತಂದುಕೊಟ್ಟ ಹುಡುಗರೂ ಇದ್ದರು. ಅಧಿಕಾರಿಗಳಿಗೆ, ನ್ಯಾಯಾಧೀಶರಿಗೆ ಕೂಟದವರು ಹೇಳ್ತಿದ್ದದ್ದು ಒಂದೇ ಮಾತು: ಬೆಳ್ಳಿ ಬೇಕೋ, ಸೀಸ ಬೇಕೋ? ಅಂದರೆ ಲಂಚವೋ, ಗುಂಡೋ. ಇವನ ಬಣ್ಣ ಬಯಲು ಮಾಡಿದ ಕಾನೂನು ಮಂತ್ರಿ ರೊಡ್ರಿಗೊ ಲಾರಾ ಬೊನಿಯಾ ಅವರನ್ನು 1984ರಲ್ಲಿ ಬೈಕಿನಲ್ಲಿ ಬಂದ ಹುಡುಗರೇ ಗುಂಡಿಟ್ಟು ಕೊಂದರು. 1989ರ ಆಗಸ್ಟ್‌ನಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಲೂಯಿಸ್ ಕಾರ್ಲೊಸ್ ಗಲಾನ್ ಸತ್ತರು. ನವೆಂಬರ್‌ನಲ್ಲಿ ವಿಮಾನಕ್ಕೇ ಬಾಂಬು ಇಟ್ಟರು. ಒಳಗಿದ್ದ 107 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. 1991 ಒಂದೇ ವರ್ಷ ಮೆಡೆಲಿನ್‌ನಲ್ಲಿ 6,000ಕ್ಕೂ ಹೆಚ್ಚು ಕೊಲೆ. ಸತ್ತವರಲ್ಲಿ ಬಹಳ ಮಂದಿ ಆ ಕೇರಿಗಳ ಹುಡುಗರೇ. ಆ ತಾಯಂದಿರ ಮನೆಯಲ್ಲಿ ಫ್ರಿಜ್ಜು ಉಳಿಯಿತು, ಮಗ ಉಳಿಯಲಿಲ್ಲ.

ತನ್ನನ್ನು ಅಮೆರಿಕಕ್ಕೆ ಒಪ್ಪಿಸಬಾರದು ಅಂತ ಹಟ ಹಿಡಿದು 1991ರಲ್ಲಿ ಅವನು ಶರಣಾದ. ಜೈಲೂ ಅವನು ಹೇಳಿದ ಹಾಗೇ ಕಟ್ಟಿದ್ದು, ಒಳಗೆ ಫುಟ್ಬಾಲ್ ಮೈದಾನ ಬೇರೆ! ಅಲ್ಲೇ ತನ್ನ ಪಾಲುದಾರರನ್ನು ಕೊಲ್ಲಿಸಿದ. 1992ರಲ್ಲಿ ತಪ್ಪಿಸಿಕೊಂಡ. ಅಷ್ಟರಲ್ಲಿ ಹಳೆಯ ಗೆಳೆಯರೂ ಶತ್ರುಗಳಾಗಿ ಬೆನ್ನು ಹತ್ತಿದ್ದರು. ಮಗನ ಜೊತೆ ಫೋನಿನಲ್ಲಿ ಮಾತಾಡಿದ್ದೇ ಪೊಲೀಸರಿಗೆ ಸುಳಿವಾಯಿತು. 1993ರ ಡಿಸೆಂಬರ್ 2ರಂದು ಮೆಡೆಲಿನ್‌ನ ಒಂದು ಮನೆಯ ಹೆಂಚಿನ ಮೇಲೆ ಗುಂಡು ತಿಂದು ಬಿದ್ದ. ಆಗ ಅವನಿಗೆ 44 ವರ್ಷ. ಕೊಕೇನ್ ಮಾತ್ರ ನಿಲ್ಲಲಿಲ್ಲ, ದಂಧೆ ಕಾಲಿ ನಗರದ ಕೂಟದ ಕೈ ಸೇರಿತು. ಅದರ ಮುಖಂಡರು ಸಿಕ್ಕಿಬಿದ್ದದ್ದು 1995ರಲ್ಲಿ. ಆಮೇಲೆ ಇನ್ನೊಬ್ಬರು.

ಎಸ್ಕೊಬಾರ್ ಕುಟುಂಬ ವಾಸವಿದ್ದ ಎತ್ತರದ ಕಟ್ಟಡವನ್ನು ಮೆಡೆಲಿನ್ ನಗರದವರು 2019ರಲ್ಲಿ ಕೆಡವಿ, ಆ ಜಾಗದಲ್ಲಿ ಸತ್ತವರ ನೆನಪಿಗೆ ಉದ್ಯಾನ ಮಾಡಿದರು. ಪುಕ್ಕಟೆ ಮನೆಗಳ ಕೇರಿ ಈಗಲೂ ಅವನ ಹೆಸರಿನಲ್ಲೇ ಇದೆ.