ಇನ್ನೊಂದು ತೆನೆ



ಒಂಬತ್ತು ದಿನ ನಮ್ಮ ಮಕ್ಕಳು ಮಾತೆ ಮರಿಯಮ್ಮನವರಿಗೆ ಹೂ ಅರ್ಪಿಸಿದರು. ಇಂದು, ಸೆಪ್ಟೆಂಬರ್ 8, ಅಮ್ಮನವರ ಜನನದ ಹಬ್ಬ. ನಮ್ಮ ಕರಾವಳಿಗೆ ತೆನೆ ಹಬ್ಬವೂ ಹೌದು. ಆಶೀರ್ವದಿಸಿದ ತೆನೆಯನ್ನು ಮನೆಗೊಯ್ದು, ಸುಲಿದ ಕಾಳನ್ನು ತೆಂಗಿನ ಹಾಲಿಗೆ ಬೆರೆಸಿ, ಪ್ರಾರ್ಥನೆಯ ನಂತರ ಹಿರಿಯರ ಕೈಯಿಂದ ಪಡೆಯುತ್ತೇವೆ. ಆಮೇಲೆ ಬಾಳೆಲೆಯ ಊಟ, ಅಂದು ಮೀನು ಮಾಂಸ ಇಲ್ಲ. ದುಬೈಯಲ್ಲಿರುವ ಮಗನಿಗೂ ನಾಲ್ಕು ಕಾಳು ಅಂಚೆಯಲ್ಲಿ ಕಳುಹಿಸುತ್ತೇವೆ.

ಬೇಲಿಯಾಚೆಯ ಅಣ್ಣನ ಮನೆಗೆ?

ಗದ್ದೆ ಪಾಲಾದಾಗ ನಿಂತ ಮಾತು ಇನ್ನೂ ನಿಂತೇ ಇದೆ. ಬಲಿಪೂಜೆಯಲ್ಲಿ ಶಾಂತಿ ಕೋರುವಾಗ ಅವನಿರುವ ಬೆಂಚನ್ನು ಬಿಟ್ಟು ಉಳಿದ ಕಡೆಗೆಲ್ಲ ಕೈಮುಗಿಯುತ್ತೇವೆ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನಲ್ಲಿಗೆ ಹೋಗಲು ಯೇಸು ಹೇಳಿದ್ದನ್ನು (ಮತ್ತಾಯ 5:23-24) ಎಷ್ಟು ಸಲ ಕೇಳಿಲ್ಲ ನಾವು!

ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ದೇವರು, ನೆರೆಯವರು, ಭೂಮಿ ಈ ಮೂರರೊಂದಿಗಿನ ಸಂಬಂಧವನ್ನು ಒಟ್ಟಿಗೇ ಇಟ್ಟು ನೋಡಿದರು. ನಮಗೆ ಪತ್ರವೇಕೆ, ಜಗಳದ ಗದ್ದೆಯನ್ನೇ ನೋಡಿದರೆ ಸಾಕು. ಹಡಿಲು ಬಿದ್ದಿದೆ. ಹಬ್ಬದ ತೆನೆಯನ್ನು ಬೇರೆಯವರ ಗದ್ದೆಯಿಂದ ತಂದಿದ್ದೇವೆ.

ಪೂಜೆಯ ನಂತರ ಈ ಸಲ ಮನೆಗೆ ಎರಡೆರಡು ತೆನೆ ಕೊಡುತ್ತೇವೆ. ಒಂದು ನಿಮ್ಮ ಮನೆಗೆ. ಇನ್ನೊಂದು ಯಾರ ಮನೆಗೆಂದು ನಾವು ಹೇಳಬೇಕಾಗಿಲ್ಲ.