ಒಂದು ಪಾನಗೋಷ್ಠಿ

ಮೂವತ್ತು ವರ್ಷಕ್ಕೂ ಮಿಗಿಲಾಗಿ ತರಗತಿಯಲ್ಲಿ ‘ಪಾನಗೋಷ್ಠಿ’ ಎಂಬ ಶಬ್ದಕ್ಕೆ ಅರ್ಥ ಹೇಳುತ್ತ ಬಂದವನು ನಾನು. ಮಹಾಕಾವ್ಯದಲ್ಲಿ ಇರಬೇಕೆಂದು ದಂಡಿ ಹೇಳಿದ ವರ್ಣನೆಗಳಲ್ಲಿ ಮಧುಪಾನವೂ ಒಂದು. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿಯೂ ಅದಕ್ಕೆ ಎಡೆಯಿದೆ. ಆ ಭಾಗ ಬಂದಾಗಲೆಲ್ಲ ಪದ ಬಿಡಿಸಿ, ಅಲಂಕಾರ ಹೆಸರಿಸಿ, ಬೇಗನೆ ಪುಟ ಮಗುಚುತ್ತಿದ್ದೆ. ಹುಡುಗರು ಮುಸಿಮುಸಿ ನಗುತ್ತಿದ್ದರು. ನಾನು ಗಡಿಯಾರ ನೋಡುತ್ತಿದ್ದೆ.

ಅದಕ್ಕೆ ಕಾರಣ ಸಂಕೋಚವೊಂದೇ ಅಲ್ಲ. ನನ್ನ ಅಣ್ಣ ಸಾರಾಯಿಗೆ ಬಲಿಯಾದವನು. ಮೊದಲು ಅತ್ತಿಗೆಯ ಓಲೆ ಹೋಯಿತು, ಆಮೇಲೆ ಎರಡು ಎಕರೆ ಗದ್ದೆ, ಕೊನೆಗೆ ಅವನೇ ಹೋದ. ಅಂದಿನಿಂದ ನಮ್ಮ ಮನೆಯಲ್ಲಿ ಕುಡಿತದ ಮಾತನ್ನಾಗಲಿ ಅವನ ಮಾತನ್ನಾಗಲಿ ಯಾರೂ ಎತ್ತುತ್ತಿರಲಿಲ್ಲ.

ಹೀಗಿರುವಾಗ ಕಳೆದ ಮಾಗಿಯಲ್ಲಿ ಮಗಳು, “ಅಪ್ಪಾ, ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿತೋಟದಲ್ಲಿ ವೈನಿನ ರುಚಿ ನೋಡುವ ಕಾರ್ಯಕ್ರಮವಿದೆ, ಬರುತ್ತೀರಾ?” ಎಂದು ಅಳುಕುತ್ತಲೇ ಕೇಳಿದಳು. ಬರುವುದಿಲ್ಲವೆನ್ನಲು ಬಾಯಿ ತೆರೆದವನು, ಏಕೋ, ಆಗಲಿ ಎಂದುಬಿಟ್ಟೆ. ಅಷ್ಟು ವರ್ಷ ಅರ್ಥ ಹೇಳಿದ ಶಬ್ದವನ್ನು ಒಮ್ಮೆ ಕಣ್ಣಾರೆ ಕಾಣುವ ಆಸೆಯಿರಬೇಕು.

ಬಿಳಿಯ ಬಟ್ಟೆ ಹಾಸಿದ ಮೇಜು. ಒಬ್ಬೊಬ್ಬರ ಮುಂದೆಯೂ ಕಾಲುಳ್ಳ ಗಾಜಿನ ಲೋಟಗಳು ಮೂರು, ತಟ್ಟೆಯಲ್ಲಿ ಬೆರಳಗಲದ ತಿನಿಸುಗಳು, ನಡುವೆ ಪೀಕದಾನಿಯಂಥ ಒಂದು ಪಾತ್ರೆ. ಅದೇಕೆಂದು ವಿವರಿಸುವಾಕೆಯನ್ನು ಕೇಳಿದೆ. “ಉಗುಳುವುದಕ್ಕೆ ಸಾರ್. ರುಚಿ ನೋಡುವುದೇ ಕಸುಬಾದವರು ನುಂಗುವುದಿಲ್ಲ. ನುಂಗುತ್ತ ಹೋದರೆ ನಾಲಗೆ ಸುಳ್ಳು ಹೇಳಲು ತೊಡಗುತ್ತದೆ” ಎಂದಳು ಆ ಹುಡುಗಿ. ನನ್ನ ಎದೆಯ ಭಾರ ಅರ್ಧ ಇಳಿಯಿತು.

ಮೊದಲು ಲೋಟವನ್ನು ಬಿಳಿಯ ಬಟ್ಟೆಯ ಮೇಲೆ ವಾಲಿಸಿ ಬಣ್ಣ ನೋಡಬೇಕು. ಮೆಲ್ಲನೆ ತಿರುಗಿಸಿ, ಏಳುವ ಪರಿಮಳವನ್ನು ಮೂಸಬೇಕು. ಆಮೇಲೆ ಒಂದು ಗುಟುಕನ್ನು ಬಾಯೆಲ್ಲ ಆಡಿಸಬೇಕು. ಸೋವಿನ್ಯೋ ಬ್ಲಾಂ ಎಂಬ ಬಿಳಿಯ ವೈನಿನಲ್ಲಿ ಆಗತಾನೆ ಕೊಯ್ದ ಹುಲ್ಲಿನ ವಾಸನೆ, ನಿಂಬೆಯ ಹುಳಿ. ಶಿರಾಜ್ ಎಂಬ ಕೆಂಪು ವೈನ್ ನಾಲಗೆಯನ್ನು ಹಿಡಿದು ಎಳೆಯಿತು. ಕೆಂಪನ್ನು ಸಿಪ್ಪೆ ಬೀಜಗಳೊಡನೆಯೇ ಹುದುಗಿಸುತ್ತಾರೆ. ಅವುಗಳಲ್ಲಿರುವ ಟ್ಯಾನಿನ್ನೇ ಈ ಹಿಡಿತಕ್ಕೆ ಕಾರಣವೆಂದು ಆಕೆ ಹೇಳುತ್ತ, ಕನ್ನಡದಲ್ಲಿ ಇದಕ್ಕೆ ಮಾತಿದೆಯೇ ಎಂದು ಕೇಳಿದಳು. “ಒಗರು, ತಾಯಿ. ಷಡ್ರಸಗಳಲ್ಲಿ ಒಂದು. ಅಡಕೆ ಜಗಿದ ನಾಲಗೆಗೆ ಅದನ್ನು ಕಲಿಸಬೇಕಾಗಿಲ್ಲ” ಎಂದೆ. ಸುತ್ತ ಕುಳಿತವರು ನಕ್ಕರು.

ತಟ್ಟೆಯ ತಿನಿಸಿಗೆ ಫ್ರೆಂಚರು ‘ಕನಾಪೆ’ ಎನ್ನುತ್ತಾರೆ. ಆ ಶಬ್ದಕ್ಕೆ ಒರಗುಪೀಠವೆಂದರ್ಥ. ರೊಟ್ಟಿಯ ಚೂರಿನ ಮೇಲೆ ವ್ಯಂಜನ ಆಸೀನವಾಗಿರುತ್ತದೆ. ನಮ್ಮವರು ಇದಕ್ಕೆ ‘ಉಪದಂಶ’ ಎಂದರು. ಆಪಾನಕದ ಪ್ರಸ್ತಾಪದಲ್ಲಿ ವಾತ್ಸ್ಯಾಯನ ಉಪ್ಪಿನ, ಕಹಿಯ, ಖಾರದ, ಹುಳಿಯ ಉಪದಂಶಗಳನ್ನು ಎಣಿಸುತ್ತಾನೆ. ಹಳೆಯ ಚೀಸಿನ ತುಣುಕೊಂದನ್ನು ಮೆದ್ದು ಅದೇ ಶಿರಾಜನ್ನು ಮತ್ತೆ ಬಾಯಿಗೆ ಹಾಕಿದರೆ ಒಗರು ಮೆತ್ತಗಾಗಿತ್ತು. ಹಸಿಮೆಣಸಿನಕಾಯಿ ಹಚ್ಚಿದ ಚೂರನ್ನು ತಿಂದ ಮೇಲೆ ಅದೇ ವೈನ್ ಬೆಂಕಿಯಾಯಿತು. ನೆಲ್ಲಿಕಾಯಿ ತಿಂದು ನೀರು ಕುಡಿದರೆ ನೀರು ಸಿಹಿಯಾಗುವುದಿಲ್ಲವೆ? ಒಂದು ರುಚಿಯ ಪಕ್ಕದಲ್ಲಿ ಇನ್ನೊಂದು ತನ್ನ ಗುಣವನ್ನೇ ಬದಲಿಸಿಕೊಳ್ಳುತ್ತದೆ. ಮೂರನೆಯ ಲೋಟದ್ದು ಸಿಹಿ ವೈನ್. ಅದನ್ನು ನಾನು ಮೂಸಿ ಇಟ್ಟುಬಿಟ್ಟೆ.

ಇಷ್ಟರಲ್ಲಿ ಅಣ್ಣ ನೆನಪಾದ. ಸಾರಾಯಿಯ ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ, ಮುಖ ಕಿವಿಚಿ, ಒಂದೇ ಉಸುರಿಗೆ ಸುರಿದುಕೊಳ್ಳುತ್ತಿದ್ದ. ಅವನಿಗೆ ಬೇಕಾಗಿದ್ದುದು ಮರೆವು. ರುಚಿ ಅವನಿಗೆ ದಾರಿಯ ಅಡ್ಡಿ. 2007ರಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ವೈನ್ ತಯಾರಿಕೆಯನ್ನು ಪ್ರೋತ್ಸಾಹಿಸುವ ನೀತಿಯೂ ಅದೇ ವರ್ಷ ಬಂದಿತು. ಎರಡಕ್ಕೂ ಕಾರಣಗಳಿದ್ದಾವು. ಆದರೆ ಲೋಟಕ್ಕೆ ಕಾಲು ಬಂದ ಮಾತ್ರಕ್ಕೆ ಒಳಗಿನ ಮದ್ಯಸಾರ ಬೇರೆಯಾಗುವುದಿಲ್ಲ. ಆ ಮೇಜಿನಲ್ಲಿಯೂ ಕೆಲವರು ಪೀಕದಾನಿಯ ಕಡೆ ತಿರುಗಿಯೂ ನೋಡಲಿಲ್ಲ. ಅವರ ಮಾತು ಏರುತ್ತಿದ್ದುದನ್ನು ಕೇಳಿದೆ. ಮೇಲುಜಾತಿಯ ಕುಡಿತ, ಕೀಳುಜಾತಿಯ ಕುಡಿತ ಎಂದು ಎರಡಿಲ್ಲ. ರುಚಿಗೂ ಮರೆವಿಗೂ ನಡುವೆ ಇರುವುದು ನಿಲ್ಲಿಸಬಲ್ಲ ಶಕ್ತಿಯೊಂದೇ. ಅದು ಅಣ್ಣನಿಗೆ ಒದಗಲಿಲ್ಲ. ಒದಗದವನನ್ನು ನಾನು ಇಷ್ಟು ವರ್ಷ ಅಪರಾಧಿಯೆಂದೇ ಎಣಿಸಿದ್ದೆ. ಅವನು ಬಾಯಾರಿ ಬಳಲಿದವನೂ ಆಗಿದ್ದನೆಂದು ಎಣಿಸಿರಲಿಲ್ಲ.

ಹಿಂದಿರುಗುವಾಗ ಕತ್ತಲಾಗಿತ್ತು. ಕಾರು ನಡೆಸುತ್ತಿದ್ದ ಮಗಳು, “ದೊಡ್ಡಪ್ಪ ಹೇಗಿದ್ದರು ಅಪ್ಪಾ?” ಎಂದು ಕೇಳಿದಳು. ಅವಳು ಹುಟ್ಟಿದಂದಿನಿಂದ ನಮ್ಮ ಮನೆಯಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ಅವನು ಚೆನ್ನಾಗಿ ಈಜುತ್ತಿದ್ದ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆಗೆ ಒಯ್ಯುತ್ತಿದ್ದ, ನನ್ನ ಕಾಲೇಜಿನ ಮೊದಲ ವರ್ಷದ ಶುಲ್ಕವನ್ನು ಅವನೇ ಕಟ್ಟಿದ್ದ. ದೇವನಹಳ್ಳಿಯಿಂದ ಹೆಬ್ಬಾಳ ಮುಟ್ಟುವವರೆಗೂ ನಾನು ಅಣ್ಣನ ಮಾತನ್ನೇ ಆಡುತ್ತಿದ್ದೆ.